ಮೂವತ್ತು ದಿನಗಳ ಹಸಿರು ಸವಾಲು ಮುಗಿದ ಮೇಲೆ ಅಭ್ಯಾಸಗಳು ಏಕೆ ಉಳಿಯುವುದಿಲ್ಲ?

ಪ್ರಶ್ನೆ – ಒರತೆ

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳ ಹಿಂದೆ ನಾನು ನನಗೇ ಒಂದು ಸವಾಲು ಹಾಕಿಕೊಂಡೆ. ಮೂವತ್ತು ದಿನ ಪರಿಸರಕ್ಕೆ ಆದಷ್ಟು ಕಡಿಮೆ ಹೊರೆಯಾಗುವಂತೆ ಬದುಕಿ ನೋಡಬೇಕೆಂದು ಹನ್ನೊಂದು ನಿಯಮಗಳನ್ನು ಬರೆದು, ಒಂದೊಂದರ ಮುಂದೆಯೂ ದಿನಕ್ಕೊಂದರಂತೆ ಮೂವತ್ತು ಚೌಕಗಳನ್ನು ಎಳೆದು, ಆ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಕೈಚೀಲವಿಲ್ಲದೆ ಏನನ್ನೂ ಕೊಳ್ಳಬಾರದು, ಬಾಟಲಿ ನೀರಿನ ಗೊಡವೆ ಬೇಡ, ಹತ್ತಿರದ ಕೆಲಸಗಳಿಗೆ ನಡೆದೇ ಹೋಗಬೇಕು, ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಬೇಕು, ಅಡುಗೆಯನ್ನು ಚೆಲ್ಲಬಾರದು, ನೀರು ಕಡಿಮೆ ಬಳಸಬೇಕು, ಬೇಡದ ದೀಪ ಆರಿಸಬೇಕು ಎಂಬಂಥ ನಿಯಮಗಳು ಅದರಲ್ಲಿದ್ದವು.

ಮೊದಲ ವಾರ ಚೌಕಗಳೆಲ್ಲ ತುಂಬಿದವು, ಮನಸ್ಸಿಗೂ ಹಿತವೆನಿಸಿತು. ಹನ್ನೆರಡನೆಯ ದಿನ ಕೆಲಸದಿಂದ ತಡವಾಗಿ ಬಂದು ನಾಲ್ಕು ಚೌಕಗಳನ್ನು ಖಾಲಿ ಬಿಟ್ಟೆ. ಮರುದಿನ ಬೆಳಿಗ್ಗೆ ಅವುಗಳನ್ನು ನೋಡಿದಾಗ ಅಷ್ಟು ದಿನದ ಶ್ರಮವೆಲ್ಲ ಕೆಟ್ಟಿತೆನಿಸಿ ಉತ್ಸಾಹ ಇಳಿದುಹೋಯಿತು. ಹೇಗೋ ಮೂವತ್ತನೆಯ ದಿನವನ್ನು ಮುಟ್ಟಿದೆ. ಅದಾಗಿ ಈಗ ಎರಡು ತಿಂಗಳು ಕಳೆದಿವೆ. ಹನ್ನೊಂದರಲ್ಲಿ ಉಳಿದಿರುವುದು ಕೈಚೀಲ ಒಂದೇ. ನನಗೆ ಎಲ್ಲಕ್ಕಿಂತ ಹೆಚ್ಚು ಆಸೆಯಿದ್ದ ಗೊಬ್ಬರದ ಡಬ್ಬಿ ಮೂರನೆಯ ವಾರಕ್ಕೇ ನಾತ ಹೊಡೆಯತೊಡಗಿತು, ಮುಚ್ಚಳ ಬಿಗಿದು ಅದನ್ನು ಮೂಲೆಗೆ ಸರಿಸಿದ್ದೇನೆ.

ಅದೇ ಸವಾಲನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಮತ್ತೊಮ್ಮೆ ಮಾಡಬೇಕೇ, ಅಥವಾ ಸವಾಲನ್ನು ಕಟ್ಟಿದ ರೀತಿಯಲ್ಲೇ ದೋಷವಿದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ – ನಿಧಾನಗತಿ

ನಿಮ್ಮ ಕೈಚೀಲ ಮನೆಯಲ್ಲಿ ಎಲ್ಲಿರುತ್ತದೆ? ಇದನ್ನು ಕುತೂಹಲಕ್ಕೆ ಕೇಳುತ್ತಿಲ್ಲ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ಇರಬಹುದೆಂದು ನನ್ನ ಊಹೆ.

ಮೊದಲು ದಿನಗಳ ಲೆಕ್ಕದ ವಿಚಾರ. ಹೊಸ ಅಭ್ಯಾಸಕ್ಕೆ 21 ದಿನ ಸಾಕು ಎಂಬ ಮಾತಿನ ಮೂಲವನ್ನು ಹುಡುಕುತ್ತ ಹೋದರೆ, ಸಾಮಾನ್ಯವಾಗಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕವೊಂದಕ್ಕೆ ಬಂದು ನಿಲ್ಲುತ್ತೇವೆ. ಶಸ್ತ್ರಚಿಕಿತ್ಸೆಯಿಂದ ಬದಲಾದ ತಮ್ಮ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠವೆಂದರೂ ಸುಮಾರು 21 ದಿನ ಬೇಕಾಗುತ್ತದೆ ಎಂದಷ್ಟೇ ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಎಂಬ ಪದ ಉದುರಿ, ಎಲ್ಲ ಅಭ್ಯಾಸಗಳಿಗೂ ಅದೇ ನಿಯಮವಾಯಿತು. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 84 ದಿನಗಳವರೆಗೆ ಅನುಸರಿಸಿ ನಡೆಸಿದ ಅಧ್ಯಯನ 2010ರಲ್ಲಿ ಅಚ್ಚಾಯಿತು. ಕೆಲಸವೊಂದು ಯೋಚನೆಯಿಲ್ಲದೆ ತಾನಾಗಿ ನಡೆಯುವ ಹಂತಕ್ಕೆ ಬರಲು ಹಿಡಿದ ಅವಧಿಯ ಮಧ್ಯಾಂಕ ಅದರಲ್ಲಿ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅಂದಾಜು 18ರಿಂದ 254 ದಿನಗಳವರೆಗೂ ವ್ಯತ್ಯಾಸವಿತ್ತು. ಹೀಗಿರುವಾಗ ಮೂವತ್ತನೆಯ ದಿನ ನಿಮ್ಮ ಹೆಚ್ಚಿನ ಅಭ್ಯಾಸಗಳಿನ್ನೂ ಹಸಿಯಾಗಿದ್ದವು, ಅವು ಬೇರು ಬಿಡುವ ಮೊದಲೇ ನೀವು ಸವಾಲನ್ನು ಮುಗಿಸಿದಿರಿ ಎಂದೇ ನಾನು ತಿಳಿಯುತ್ತೇನೆ.

ಆ ಅಧ್ಯಯನದ ಇನ್ನೆರಡು ಸಂಗತಿಗಳು ನಿಮಗೆ ನೇರವಾಗಿ ಸಂಬಂಧಿಸಿವೆ. ಭಾಗವಹಿಸಿದ ಪ್ರತಿಯೊಬ್ಬರೂ ಆರಿಸಿಕೊಂಡದ್ದು ಒಂದೇ ಒಂದು ಕೆಲಸವನ್ನು, ಅದನ್ನೂ ದಿನದಲ್ಲಿ ಒಮ್ಮೆ ತಪ್ಪದೆ ಬರುವ ಸಂದರ್ಭವೊಂದಕ್ಕೆ ಗಂಟು ಹಾಕಿಕೊಂಡಿದ್ದರು. ಜೊತೆಗೆ, ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವ ಗತಿಗೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಹನ್ನೆರಡನೆಯ ದಿನದ ಆ ನಾಲ್ಕು ಖಾಲಿ ಚೌಕಗಳಿಂದ ಏನೂ ಕೆಟ್ಟಿರಲಿಲ್ಲ. ಕೆಟ್ಟಿತೆಂಬ ನಿಮ್ಮ ನಿರಾಸೆಯೇ ಕೆಡಿಸಿತು.

‘ನೀರು ಕಡಿಮೆ ಬಳಸಬೇಕು’ ಎಂಬುದು ಆಶಯವೇ ಹೊರತು ಕೆಲಸವಲ್ಲ, ಏಕೆಂದರೆ ಅದನ್ನು ಯಾವ ಹೊತ್ತಿನಲ್ಲಿ, ಯಾವ ಕೈಯಿಂದ, ಏನು ಹಿಡಿದು ಮಾಡಬೇಕೆಂಬುದು ಅದರಲ್ಲಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಬಹಳ ಕಾಲದಿಂದ ಅಧ್ಯಯನ ಮಾಡಿರುವ ವಿಧಾನವೆಂದರೆ, ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂದು ಸಂದರ್ಭವನ್ನೂ ಕೆಲಸವನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಡುವುದು. ‘ಪಾತ್ರೆಗೆ ಸೋಪು ಹಚ್ಚಲು ಕೈಯೆತ್ತುವಾಗ ನಲ್ಲಿ ನಿಲ್ಲಿಸುತ್ತೇನೆ’ ಎಂದು ಬರೆದುಕೊಂಡು ನೋಡಿ. ಸೋಪೇ ನೆನಪಿಸುತ್ತದೆ, ಗೋಡೆಯ ಹಾಳೆ ಬೇಕಾಗುವುದಿಲ್ಲ.

ಒರತೆ

ಎದ್ದು ಹೋಗಿ ನೋಡಿ ಬಂದೆ. ಮನೆಯ ಬೀಗದ ಕೈ ತೂಗುಹಾಕುವ ಮೊಳೆಗೇ ಚೀಲವನ್ನೂ ಸಿಕ್ಕಿಸಿದ್ದೇನೆ. ಚೀಲವನ್ನು ಎತ್ತದೆ ಬೀಗದ ಕೈ ಕೈಗೆ ಬರುವುದಿಲ್ಲ. ಮೊದಲ ದಿನ ಬೇರೆ ಮೊಳೆ ಸಿಗದೆ ಹಾಗೆ ಮಾಡಿದ್ದು, ಯೋಚಿಸಿ ಮಾಡಿದ್ದಲ್ಲ. ಇಷ್ಟು ಸಣ್ಣ ಸಂಗತಿಯನ್ನು ಮೂರು ತಿಂಗಳು ಗಮನಿಸದೆ ನನ್ನ ಮನೋಬಲವನ್ನೇ ದೂರುತ್ತಿದ್ದೆ.

ಉತ್ತರ – ಅಳತೆಗೋಲು

ಮೇಲಿನ ಉತ್ತರವನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಅಭ್ಯಾಸ ಗಟ್ಟಿಯಾಗುವುದು ಒಂದು ಪ್ರಶ್ನೆ, ಯಾವ ಅಭ್ಯಾಸಕ್ಕೆ ಆ 66 ದಿನಗಳನ್ನು ಕೊಡಬೇಕು ಎಂಬುದು ಇನ್ನೊಂದು. ಹನ್ನೊಂದು ನಿಯಮಗಳಿಗೂ ಒಂದೇ ಅಳತೆಯ ಚೌಕ ಕೊಟ್ಟಾಗ ಅವೆಲ್ಲವೂ ಸಮಾನವೆಂಬ ಭಾವನೆ ಬರುತ್ತದೆ, ಅವು ಸಮಾನವಲ್ಲ.

ಒಂದು ಲೆಕ್ಕ ಮಾಡೋಣ. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. 20 ಲೀಟರ್ ನೀರನ್ನು 25 ಡಿಗ್ರಿ ಏರಿಸಬೇಕೆಂದರೆ ಅದು ಸುಮಾರು 2,100 ಕಿಲೋಜೂಲ್, ಅಂದರೆ ಹೆಚ್ಚುಕಡಿಮೆ 0.58 ಯೂನಿಟ್ ವಿದ್ಯುತ್ತು. ಅಷ್ಟೇ ವಿದ್ಯುತ್ತಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 64 ಗಂಟೆ ಉರಿಯುತ್ತದೆ. ನಾನು ಒಂದು ಇಡೀ ವರ್ಷ ಕೋಣೆಯಿಂದ ಕೋಣೆಗೆ ದೀಪ ಆರಿಸುತ್ತ ಓಡಾಡಿ, ಬಿಸಿನೀರಿನ ಕೆಳಗೆ ಮಾತ್ರ ಮನಸ್ಸು ಬಂದಷ್ಟು ಹೊತ್ತು ನಿಲ್ಲುತ್ತಿದ್ದೆ. ದೀಪ ಆರಿಸುವುದು ಬೇಡವೆಂದು ಇದರ ಅರ್ಥವಲ್ಲ, ಆದರೆ ನಿಮಿಷಕ್ಕೆ 9 ಲೀಟರ್ ಸುರಿಸುವ ಶವರ್‌ನ ಕೆಳಗೆ ಎರಡು ನಿಮಿಷ ಕಡಿಮೆ ನಿಂತರೆ, ಅಂಥ ಒಂದು ಬಲ್ಬನ್ನು ಒಂದು ಗಂಟೆ ಆರಿಸಿದ್ದರ ಹತ್ತಾರು ಪಟ್ಟು ಉಳಿತಾಯವಾಗುತ್ತದೆಂಬುದು ನನಗೆ ಮೊದಲೇ ತಿಳಿದಿದ್ದರೆ ನನ್ನ ಪಟ್ಟಿಯ ಮೊದಲ ಸಾಲು ಬೇರೆಯಾಗಿರುತ್ತಿತ್ತು.

ನಿಮ್ಮ ಹಾಳೆಯಲ್ಲಿ ಒಮ್ಮೆ ಮಾಡಿ ಮುಗಿಸಬಹುದಾದ ಕೆಲಸಗಳೂ ದಿನಾ ಮಾಡಬೇಕಾದ ಕೆಲಸಗಳೂ ಬೆರೆತಿರಬಹುದು, ಅವುಗಳನ್ನು ಬೇರ್ಪಡಿಸಿ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಗಂಟೆ ಮಗ್ಗನ್ನು ಇಟ್ಟು ನೋಡಿದರೆ ಮುಕ್ಕಾಲು ಲೀಟರಿಗೂ ಹೆಚ್ಚು ನೀರು ಸಂಗ್ರಹವಾಗಿರುತ್ತದೆ. ಅದು ದಿನಕ್ಕೆ 20 ಲೀಟರ್‌ಗೆ ಸಮೀಪ. ಹೊಸ ವಾಷರ್ ಹಾಕಿಸಿದ ಮೇಲೆ ಆ ನಲ್ಲಿ ನಿಮ್ಮಿಂದ ಯಾವ ಶಿಸ್ತನ್ನೂ ಬೇಡುವುದಿಲ್ಲ. ಇಂಥವನ್ನು ಸವಾಲಿನ ಮೊದಲ ವಾರಾಂತ್ಯದಲ್ಲೇ ಮುಗಿಸಿಬಿಡಿ.

ಚೀಲದ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮರುಬಳಕೆಯಾಗದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದಾಗ ಹತ್ತಿಯ ಚೀಲವೊಂದು ಭೂತಾಪದ ಲೆಕ್ಕದಲ್ಲಿ ಸರಿದೂಗಬೇಕಾದರೆ ಅದನ್ನು 131 ಸಲ ಬಳಸಬೇಕು, ಏಕೆಂದರೆ ಹತ್ತಿ ಬೆಳೆಯಲು, ನೂಲಲು, ನೇಯಲು ಅಷ್ಟೊಂದು ಸಂಪನ್ಮೂಲ ವ್ಯಯವಾಗಿರುತ್ತದೆ. ಪರಿಸರದ ಹೆಸರಿನಲ್ಲಿ ಕೊಟ್ಟ ಉಡುಗೊರೆ ಚೀಲಗಳು ಕಪಾಟಿನಲ್ಲಿ ರಾಶಿ ಬಿದ್ದಿರುವ ಮನೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನಿಮ್ಮ ಮೊಳೆಯ ಮೇಲಿರುವ ಆ ಒಂದೇ ಚೀಲವನ್ನು ಹರಿಯುವವರೆಗೂ, ಹರಿದರೆ ಹೊಲಿದೂ ಬಳಸಿ.

ಉತ್ತರ – ತರಗೆಲೆ

ಗೊಬ್ಬರದ ಡಬ್ಬಿಯನ್ನು ದಯವಿಟ್ಟು ಕೈಬಿಡಬೇಡಿ, ಅದರ ದೋಷವನ್ನು ಸರಿಪಡಿಸುವುದು ಸುಲಭ. ಕೊಳೆತ ಮೊಟ್ಟೆಯಂಥ ನಾತ ಬಂದರೆ ಒಳಗೆ ಗಾಳಿಯಿಲ್ಲ, ನೀರು ಹೆಚ್ಚಾಗಿದೆ ಎಂದು ತಿಳಿಯಬೇಕು. ಮೂಗಿಗೆ ಚುಚ್ಚುವ ಅಮೋನಿಯಾದ ವಾಸನೆಯಾದರೆ ಸಾರಜನಕ ಮಿತಿಮೀರಿದೆ. ಎರಡಕ್ಕೂ ಮದ್ದು ಒಣ ಎಲೆ, ಅಥವಾ ಸಣ್ಣಗೆ ಹರಿದ ರಟ್ಟು. ಕಸವನ್ನು ಗೊಬ್ಬರವಾಗಿಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕಾಗುತ್ತದೆ; ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಕೈಯಳತೆಯಲ್ಲಿ ಹೇಳುವುದಾದರೆ, ಒಂದು ಬೋಗುಣಿ ಸಿಪ್ಪೆ ಹಾಕಿದಾಗಲೆಲ್ಲ ಎರಡು ಮೂರು ಬೋಗುಣಿ ಒಣ ಎಲೆ ಹಾಕಬೇಕು. ವಾರಕ್ಕೊಮ್ಮೆ ಕೋಲಿನಿಂದ ತಳದವರೆಗೂ ಮಗುಚಿ, ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ ನೋಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದವಾಗಿದೆ, ನೀರು ಇಳಿದರೆ ಇನ್ನಷ್ಟು ಎಲೆ ಬೇಕು, ಹಿಡಿ ಬಿಟ್ಟಾಗ ಪುಡಿಪುಡಿಯಾದರೆ ನೀರು ಚಿಮುಕಿಸಬೇಕು. ಒಣ ಎಲೆಯ ಚೀಲ ಡಬ್ಬಿಯ ಪಕ್ಕದಲ್ಲೇ ಇರಬೇಕೆಂಬುದು ನನ್ನ ಅನುಭವ. ಅದನ್ನು ಹತ್ತು ಹೆಜ್ಜೆ ಆಚೆ ಇಟ್ಟಿದ್ದ ಕಾರಣಕ್ಕೇ ನಾನು ಎರಡು ಸಲ ಸೋತಿದ್ದೇನೆ.

ಆದರೆ ಗೊಬ್ಬರಕ್ಕಿಂತ ಮೊದಲ ಸ್ಥಾನ, ಚೆಲ್ಲದೆ ಇರುವುದಕ್ಕೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ ಬಂದದ್ದು. ಅದು ತಿಪ್ಪೆಗುಡ್ಡೆಗಳಲ್ಲಿ ಗಾಳಿಯಿಲ್ಲದೆ ಕೊಳೆಯುವಾಗ ಹೊಮ್ಮುವ ಮೀಥೇನ್, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಎರಡು ವಾರ ಏನನ್ನೂ ಬದಲಿಸದೆ, ಚೆಲ್ಲಿದ್ದನ್ನು ಮಾತ್ರ ಬರೆದಿಡಿ: ಏನು, ಎಷ್ಟು, ಏಕೆ. ನಾನು ಹಾಗೆ ಬರೆದಾಗ, ಚೆಲ್ಲುತ್ತಿದ್ದುದರಲ್ಲಿ ಹೆಚ್ಚಿನದು ತಟ್ಟೆಯಲ್ಲಿ ಉಳಿದದ್ದಲ್ಲ, ಫ್ರಿಜ್ಜಿನ ಹಿಂಬದಿಯಲ್ಲಿ ಕಣ್ಣಿಗೆ ಬೀಳದೆ ಹಳಸಿದ್ದು ಎಂದು ತಿಳಿಯಿತು. ಅಂದಿನಿಂದ ಮೊದಲು ಮುಗಿಸಬೇಕಾದುದನ್ನೆಲ್ಲ ಪಾರದರ್ಶಕ ಡಬ್ಬಿಗಳಲ್ಲಿ ಕಣ್ಣಿನ ಮಟ್ಟದ ಶೆಲ್ಫಿಗೆ ತಂದಿಟ್ಟಿದ್ದೇನೆ, ಅಷ್ಟಕ್ಕೇ ಬಹುಪಾಲು ನಿಂತಿತು.

ಉತ್ತರ – ಜೊತೆಗಾರ

ಯಾರೂ ಎತ್ತದ ಒಂದು ವಿಷಯವನ್ನು ಸೇರಿಸುತ್ತೇನೆ. ಆ ಹಾಳೆ ಅಂಟಿದ್ದ ಅಡುಗೆಮನೆಯಲ್ಲಿ ನೀವೊಬ್ಬರೇ ಇರುತ್ತೀರೋ, ಬೇರೆಯವರೂ ಇದ್ದಾರೋ? ನಮ್ಮ ಮನೆಯಲ್ಲಿ ಅಂಥದೇ ಹಾಳೆ ಜಗಳಕ್ಕೆ ಕಾರಣವಾಯಿತು, ಏಕೆಂದರೆ ನನ್ನ ಸವಾಲು ಉಳಿದವರ ಪಾಲಿಗೆ ದಿನನಿತ್ಯದ ಆಕ್ಷೇಪಣೆಯಂತೆ ಕಾಣತೊಡಗಿತ್ತು. ಅವರನ್ನು ಕೇಳದೆ ಅವರ ರೂಢಿಗಳನ್ನೂ ನನ್ನ ಪಟ್ಟಿಯಲ್ಲಿ ಸೇರಿಸಿದ್ದೆ. ಈಗ ನನ್ನೊಬ್ಬನ ಕೈಯಲ್ಲಿರುವುದನ್ನು ಮಾತ್ರ ಸವಾಲಾಗಿ ತೆಗೆದುಕೊಳ್ಳುತ್ತೇನೆ. ಎಲ್ಲರಿಗೂ ಸೇರಿದ್ದನ್ನು ಕೂತು ಮಾತನಾಡಿ, ಅವರೇ ಆರಿಸಿದ ಒಂದನ್ನು ಒಪ್ಪಿಕೊಳ್ಳುತ್ತೇವೆ.

ಮನೆ ಬದಲಿಸುವ ಯೋಚನೆಯಿದ್ದರೆ ಆ ಹೊತ್ತನ್ನು ಕಳೆದುಕೊಳ್ಳಬೇಡಿ. ಬಾಸ್ ವರ್ಪ್ಲಾಂಕನ್ ಮತ್ತು ಡೆಬೊರಾ ರಾಯ್ 2016ರಲ್ಲಿ ಪ್ರಕಟಿಸಿದ, 800 ಮಂದಿ ಭಾಗವಹಿಸಿದ ಪ್ರಯೋಗದಲ್ಲಿ, ಪರಿಸರಸ್ನೇಹಿ ನಡವಳಿಕೆಯ ಪ್ರೋತ್ಸಾಹ ಹೊಸದಾಗಿ ಮನೆ ಬದಲಿಸಿದವರಲ್ಲಿ ಹೆಚ್ಚು ಫಲ ಕೊಟ್ಟಿತು, ಆ ಅನುಕೂಲ ಸುಮಾರು ಮೂರು ತಿಂಗಳವರೆಗೆ ಇತ್ತು. ಹಳೆಯ ದಾರಿ, ಹಳೆಯ ಮೊಳೆ, ಹಳೆಯ ಕಪಾಟು ಯಾವುದೂ ಇಲ್ಲದಿರುವಾಗ ರೂಢಿಯೂ ಸಡಿಲವಾಗಿರುತ್ತದೆ.

ಒರತೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮನೆಯಲ್ಲಿ ನಾವು ಮೂವರಿದ್ದೇವೆ, ಹಾಳೆಯ ಬಗ್ಗೆ ಉಳಿದಿಬ್ಬರನ್ನು ನಾನು ಕೇಳಿಯೇ ಇರಲಿಲ್ಲ. ನಿನ್ನೆ ಅದನ್ನು ತೆಗೆದೆ.

ಸೋರುತ್ತಿದ್ದ ಬಚ್ಚಲಿನ ನಲ್ಲಿಯ ಕೆಳಗೆ ಮಗ್ಗು ಇಟ್ಟು ಅಳೆದೆ; ಗಂಟೆಗೆ ಅರ್ಧ ಲೀಟರ್ ಬಂತು. ಶನಿವಾರ ವಾಷರ್ ಬದಲಿಸುತ್ತೇನೆ. ಮುಂದಿನ ಎಪ್ಪತ್ತು ದಿನಗಳಿಗೆ ಒಂದೇ ಅಭ್ಯಾಸವನ್ನು ಇಟ್ಟುಕೊಂಡಿದ್ದೇನೆ: ಸಿಪ್ಪೆಯ ಬೋಗುಣಿಯನ್ನು ಡಬ್ಬಿಗೆ ಸುರಿದ ಕೂಡಲೇ, ಅದೇ ಬೋಗುಣಿಯಲ್ಲಿ ಎರಡು ಸಲ ಎಲೆ ತುಂಬಿ ಹಾಕುವುದು. ಬಿಸಿನೀರಿನದು ಅದರ ನಂತರದ ಸರದಿ. ಡಬ್ಬಿಯ ಮುಚ್ಚಳವನ್ನು ಇವತ್ತು ಬೆಳಿಗ್ಗೆ ತೆಗೆದು, ತಳದವರೆಗೂ ಮಗುಚಿ, ಒಂದು ಹಿಡಿ ಹಿಂಡಿ ನೋಡಿದೆ. ನೀರು ಮೊಣಕೈವರೆಗೆ ಇಳಿಯಿತು. ಎಲೆಯ ಚೀಲ ಈಗ ಡಬ್ಬಿಗೆ ತಾಗಿಕೊಂಡೇ ಇದೆ.