12 ದಿನ ಆಯ್ತು, ಮಗಳು ಇನ್ನೂ ಗುಳ್ಳೆ ಬಿಡೋದರಲ್ಲೇ ಇದ್ದಾಳೆ

ಕೋಡಿಬಾಗದ ಆಯಿ:
ಮಗಳಿಗೆ ನಾಲ್ಕೂವರೆ ವರ್ಷ. ರಜೆಯಲ್ಲಿ ಈಜು ಕ್ಲಾಸಿಗೆ ಹಾಕಿದ್ದೇನೆ. ಗೋಡೆ ಹಿಡಿ, ಮುಖ ಮುಳುಗಿಸು, ಗುಳ್ಳೆ ಬಿಡು, ಮೇಲೆ ಬಾ. ದಿನಾ ಇದೇ. ಕೈ ಬೀಸೋದು ಯಾವಾಗ ಅಂತ ಕೇಳಿದರೆ ಕೋಚ್ ನಗ್ತಾರೆ. "ಗುಳ್ಳೆ ಬಿಡೋಕೆ ನಮ್ಮನೆ ಬಕೆಟ್ ಸಾಕಿತ್ತಲ್ಲ" ಅಂತ ಅತ್ತೆಯವರ ಮಾತು ಬೇರೆ. ಕಾಳಿ ನದಿ ಸಮುದ್ರ ಸೇರೋ ಜಾಗ ಮನೆಯಿಂದ ನಡೆದು ಹೋಗೋಷ್ಟು ಹತ್ತಿರ, ಅದಕ್ಕೇ ನನಗೆ ಅವಸರ. ಬೇಗ ಈಜು ಕಲಿತ ಮಕ್ಕಳು ಲೆಕ್ಕದಲ್ಲೂ ಮುಂದೆ ಅಂತ ಆಸ್ಟ್ರೇಲಿಯಾದವರು ಕಂಡುಹಿಡಿದಿದ್ದಾರಂತೆ, ನಮ್ಮ ಯಜಮಾನರು ಓದಿಕೊಂಡು ಬಂದರು. ಈ ವಯಸ್ಸಿಗೆ ನಿಜವಾಗಿ ಏನು ಕಲೀತಾರೆ?

ಶಿರಸಿ ತೋಟದಮನೆ:
ಗುಳ್ಳೆಗೆ ನಗಬೇಡಿ ಅಕ್ಕ. ನಾನು ಕಲಿತದ್ದು ತೋಟದ ಕೆರೆಯಲ್ಲಿ, ಸಿಪ್ಪೆ ಸಮೇತ ಎರಡು ಒಣ ತೆಂಗಿನಕಾಯಿ ಬೆನ್ನಿಗೆ ಕಟ್ಟಿಕೊಂಡು. ಕೈಕಾಲು ಬಡಿಯೋದು ಎರಡೇ ದಿನಕ್ಕೆ ಬಂತು. ಮೂರನೇ ದಿನ ಹಗ್ಗ ಜಾರಿತು, ಹೊಟ್ಟೆ ತುಂಬ ನೀರು ಕುಡಿದೆ. ಯಾಕೆ ಗೊತ್ತಾ? ಉಸಿರು ಹಿಡಿದುಕೊಂಡೇ ಮೇಲೆ ಬಂದೆ. ತಲೆ ಹೊರಗಿರೋ ಒಂದು ಕ್ಷಣದಲ್ಲಿ ಬಿಡಲೂ ಬೇಕು, ಎಳೆಯಲೂ ಬೇಕು, ಎರಡೂ ಆಗಲಿಲ್ಲ. ನೀರೊಳಗೇ ಉಸಿರು ಬಿಡಲು ಬಂದ ಮಗು ಮೇಲೆ ಬಂದಾಗ ಎಳೆದುಕೊಂಡರೆ ಸಾಕು. ಅದೇ ಆ ಗುಳ್ಳೆ.

ನಮ್ಮ ಮಾಣಿ ಐದನೇ ವರ್ಷಕ್ಕೆ ಕೊಳದಲ್ಲಿ ಕಲಿತ. ಮೊದಲು ಬಂದದ್ದು ಈಜಲ್ಲ. ನೀರಿಗೆ ಬಿದ್ದ ಕೂಡಲೇ ತಿರುಗಿ ಗೋಡೆ ಹಿಡಿಯೋದು. ಮಕ್ಕಳು ಜಾರೋದು ದಡದಲ್ಲೇ ಅಲ್ವಾ, ಪಾಚಿ ಕಟ್ಟಿದ ಮೆಟ್ಟಿಲ ಮೇಲೆ. ಆಮೇಲೆ ಸರದಿ ಕಾಯೋದು. ಊಟಕ್ಕೆ ಎರಡು ನಿಮಿಷ ಕೂರದವ, ಕಾಲು ಇಳಿಬಿಟ್ಟು ಹೆಸರು ಕರೆಯೋ ತನಕ ಕೂರ್ತಿದ್ದ. (ಮನೆಯಲ್ಲಿ ಈಗಲೂ ಕೂರೋದಿಲ್ಲ, ಅದು ಬಿಡಿ.)

ಬೈತಖೋಲ:
ನಿಮ್ಮ ಯಜಮಾನರು ಓದಿದ ಆ ಅಧ್ಯಯನ ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ್ದು, 2013ರದ್ದು. ಬಹುಪಾಲು ಅಪ್ಪ ಅಮ್ಮಂದಿರನ್ನೇ ಕೇಳಿ ಬರೆದುಕೊಂಡದ್ದು, ಹಣ ಕೊಟ್ಟವರಲ್ಲಿ ಈಜು ಕಲಿಸೋರೂ ಇದ್ದರು. ಲೆಕ್ಕ ಬರ್ತದೆ ಅಂತ ಫೀಸು ಕಟ್ಟಬೇಡಿ ಬಾಯೀ. ಅಮೆರಿಕದ ಮಕ್ಕಳ ವೈದ್ಯರ ಸಂಘ 1ರಿಂದ 4 ವರ್ಷದವರಿಗೂ ಕ್ಲಾಸಿನಿಂದ ಮುಳುಗೋ ಅಪಾಯ ಕಡಿಮೆ ಆಗಬಹುದು ಅನ್ನುತ್ತದೆ. ಆದರೂ ಮಗು ಕೈಗೆಟಕುವಷ್ಟು ಹತ್ತಿರವೇ ಇರಬೇಕು ಅಂತಲೂ ಅವರೇ ಹೇಳ್ತಾರೆ.

ನಾನು ದೋಣಿಯವರ ಮನೆಯವ. ಕೊಳದ ನೀರು ನಿಂತದ್ದು. ಕಾಳಿ ಬಾಯಲ್ಲಿ ಇಳಿತದ ಹೊತ್ತಿಗೆ ನೀರು ಹೊರಗೆ ಎಳೀತದೆ. ಉಪ್ಪು ನೀರು ಮೈಯನ್ನು ಜಾಸ್ತಿ ಎತ್ತುವುದರಿಂದ ನಾಲ್ಕು ದಿನ ಕಲಿತ ಮಗುವಿಗೆ ಎಲ್ಲಾ ಬಂತು ಅಂತ ಧೈರ್ಯ ಬಂದುಬಿಡ್ತದೆ, ಅದೇ ಹೆದರಿಕೆ. ಸೆಳವಿಗೆ ಸಿಕ್ಕರೆ ದೊಡ್ಡವರು ದಡಕ್ಕೆ ಎದುರು ಗುದ್ದಾಡದೆ ದಡದ ಉದ್ದಕ್ಕೆ ಅಡ್ಡ ಈಜಿ ಹೊರಬರಬೇಕು. ನಾಲ್ಕರ ಮಗುವಿಗೆ ಅದು ಆಗೋದಲ್ಲ. ಅಂಗಾತ ತೇಲೋದು ಆಗ್ತದೆ. ಕೋಚಿಗೆ ಕೈ ಬೀಸೋದು ಕೇಳಬೇಡಿ, ಅದನ್ನು ಕೇಳಿ.

ಕೋಡಿಬಾಗದ ಆಯಿ:
ಕೇಳಿದೆ, ನಿನ್ನೆಯೇ ಶುರು ಮಾಡಿದರು. ಮೊದಲು ಕೋಚಿನ ಕುತ್ತಿಗೆಗೇ ಜೋತುಬಿದ್ದಳು. ಇವತ್ತು ಹತ್ತು ಎಣಿಸೋ ತನಕ ತೇಲಿದಳು. ಎಣಿಸಿದ್ದು ಅವಳೇ, ನಾಲ್ಕು, ಏಳು ಎರಡೂ ಹಾರಿಸಿಬಿಟ್ಟಳು. ಲೆಕ್ಕದ ವಿಷಯ ಯಜಮಾನರಿಗೆ ಹೇಳಿದ್ದೇನೆ. ಇಳಿತದ ಹೊತ್ತು ನೀವು ಹೇಗೆ ನೋಡ್ತೀರಿ?

ಬೈತಖೋಲ:
ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ. ಇವತ್ತಿನದು ಬರೆದಿಟ್ಟರೆ ನಾಳೆಯದು ಸಿಗ್ತದೆ. ಮಳೆಗಾಲಕ್ಕೆ ಈ ಲೆಕ್ಕವೇ ಬೇಡ, ನೀರಿಗೇ ಇಳಿಸಬೇಡಿ.