ಕಾಲಯಾನದ ಸರಣಿ: ಜಾಗ ಬದಲಿಸಿದ ಶಸ್ತ್ರಾಗಾರವೇ ಬಾಗಿಲಾದರೆ ಹುಡುಗರು 1799ರಲ್ಲಿ ಎಲ್ಲಿ ಏಳಬೇಕು?

ಗಂಜಾಂ ಓದುಗಿ:
12ರಿಂದ 15 ವಯಸ್ಸಿನವರಿಗೆ ಐದು ಪುಸ್ತಕಗಳ ಸಾಹಸ ಸರಣಿ ಬರೆಯುತ್ತಿದ್ದೇನೆ. ಮೊದಲನೆಯದರಲ್ಲಿ ಶ್ರೀರಂಗಪಟ್ಟಣದ ಅಣ್ಣ-ತಂಗಿ ಟಿಪ್ಪು ಕಾಲದ ಶಸ್ತ್ರಾಗಾರಕ್ಕೆ ಹೊಕ್ಕು 1799ರ ಮೇ 4ಕ್ಕೆ, ಕೋಟೆ ಬಿದ್ದ ದಿನಕ್ಕೆ, ಹೋಗುತ್ತಾರೆ. ಆದರೆ ರೈಲ್ವೆ ಜೋಡಿ ಹಳಿಗಾಗಿ 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ಸರಿಸಿದ್ದಾರಲ್ಲ, ಈಗಿನ ಜಾಗದಿಂದ ಹೋದವರು ಎಲ್ಲಿ ಏಳಬೇಕು? ಇನ್ನೊಂದು ತೊಡಕು: ಕೆಲಸ ಕೆಟ್ಟರೆ ಮತ್ತೆ ಹೋಗಿ ಸರಿಮಾಡಿದರಾಯಿತು ಎಂದು ಮಕ್ಕಳಿಗೆ ಅನ್ನಿಸಿಬಿಟ್ಟರೆ ಕುತೂಹಲವೇ ಸತ್ತುಹೋಗುತ್ತದೆ.

ಲೋಕಪಾವನಿ:
ಮೇಡಂ, ಕಟ್ಟಡ ಸರಿದದ್ದನ್ನು ತೊಡಕು ಎನ್ನಬೇಡಿ, ನಿಮ್ಮ ಕಥೆಯ ಬಂಡವಾಳವೇ ಅದು. ಬಾಗಿಲು ಇರುವುದು ಇಟ್ಟಿಗೆ-ಗಾರೆಯಲ್ಲೋ, ನೆಲದಲ್ಲೋ ಎಂಬುದನ್ನು ಮೊದಲು ಗಟ್ಟಿಮಾಡಿಕೊಳ್ಳಿ. ಇಟ್ಟಿಗೆಯಲ್ಲಿದ್ದರೆ, ಹೊಸ ಜಾಗದಲ್ಲಿ ಒಳಹೊಕ್ಕವರು ನೂರು ಮೀಟರಿಗೂ ಆಚೆ, ಹಳೆಯ ಜಾಗದಲ್ಲಿ ಏಳುತ್ತಾರೆ. ಮನೆಯಲ್ಲಿ ಕೂತು ಬರೆದುಕೊಂಡ ನಕ್ಷೆ ಮೊದಲ ಹೆಜ್ಜೆಗೇ ಕೈಕೊಡುತ್ತದೆ. ಏಕೆಂದು ಮಾತ್ರ ನಾಲ್ಕನೇ ಅಧ್ಯಾಯದವರೆಗೆ ಹೇಳಬೇಡಿ. ಮೊದಲ ಅಧ್ಯಾಯದಲ್ಲಿ ಅಜ್ಜನ ಬಾಯಲ್ಲಿ "ಅದು ಮೊದಲು ಅಲ್ಲಿತ್ತು ಕಣ್ಲಾ" ಎಂದು ಒಂದು ಮಾತು ಹಾಯಿಸಿದ್ದರೆ ಸಾಕು. ಚುರುಕಿನ ಹುಡುಗರು ಹಿಡಿದುಬಿಡುತ್ತಾರೆ, ಉಳಿದವರು ಪುಟ ತಿರುಗಿಸಿ ನೋಡುತ್ತಾರೆ.

ಮತ್ತೆ ಮತ್ತೆ ಹೋಗುವ ಸಮಸ್ಯೆಗೆ ಎರಡು ಕಟ್ಟು ಹಾಕಿ. ಒಮ್ಮೆ ಕಳೆದ ಗಳಿಗೆಗೆ ಅದೇ ಮನುಷ್ಯ ಎರಡನೇ ಸಲ ಕಾಲಿಡುವಂತಿಲ್ಲ. ಬಾಗಿಲು ಅಮಾವಾಸ್ಯೆಯಂದು ಮಾತ್ರ ತೆರೆಯುತ್ತದೆ. ಲೆಕ್ಕ ಹಾಕಿ ನೋಡಿ, 1799ರ ಮೇ 4 ಶನಿವಾರ, ಅಮಾವಾಸ್ಯೆಯ ಆಸುಪಾಸಿನ ದಿನ. ತಪ್ಪಿಸಿಕೊಂಡರೆ ಇನ್ನೊಂದು ಅಮಾವಾಸ್ಯೆಗೆ ಸುಮಾರು 29 ದಿನ ಕಾಯಬೇಕು. ಅಷ್ಟರಲ್ಲಿ ಶಸ್ತ್ರಾಗಾರಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಕಾವಲು ಬಿದ್ದಿರುತ್ತದೆ, ಜೂನ್ ಮಳೆಗೆ ಕಾವೇರಿ ಹೊಳೆಯೂ ಏರುತ್ತದೆ. ಆಗ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್ ಅಣೆಕಟ್ಟು) ಇರಲಿಲ್ಲ, ನೀರು ಹಿಡಿದಿಡುವವರು ಯಾರೂ ಇಲ್ಲ. ಹೊಳೆ ತುಂಬುವ ಮುಂಚೆ ನುಗ್ಗಬೇಕೆಂಬ ಆತುರ ಬ್ರಿಟಿಷರಿಗೂ ಇತ್ತು.

ಟಿಪ್ಪು ಉಳಿಯುತ್ತಾನೋ ಇಲ್ಲವೋ ಎಂಬುದರ ಮೇಲೆ ಕುತೂಹಲ ಕಟ್ಟಬೇಡಿ. ಶಾಲೆಯ ಪುಸ್ತಕ ಓದಿದ ಪ್ರತಿ ಮಗುವಿಗೂ ಉತ್ತರ ಗೊತ್ತು. ಚರಿತ್ರೆ ಬರೆದಿಡದ ಒಬ್ಬ ಹರಿಗೋಲಿನ ಹುಡುಗ ಬದುಕುತ್ತಾನೋ ಇಲ್ಲವೋ, ಅದು ಯಾರಿಗೂ ಗೊತ್ತಿಲ್ಲ. ಉಸಿರು ಬಿಗಿಹಿಡಿಸುವುದು ಅಂಥದ್ದು.

ಪಶ್ಚಿಮವಾಹಿನಿ:
ಮೇಲಿನವರ ಮಾತು ಸರಿ. ಎಡವುವುದು ಸಣ್ಣ ವಿವರಗಳಲ್ಲಿ, ಅವನ್ನು ಸೇರಿಸುತ್ತೇನೆ.

ಗಡಿಯಾರ: ದಾಳಿ ಶುರುವಾದದ್ದು ಮಧ್ಯಾಹ್ನ ಸುಮಾರು ಒಂದಕ್ಕೆ, ಅಂದರೆ ಅಲ್ಲಿನ ಸೂರ್ಯನ ಲೆಕ್ಕದಲ್ಲಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ಶ್ರೀರಂಗಪಟ್ಟಣ ಇರುವುದು 76.7ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ 23 ನಿಮಿಷ ವ್ಯತ್ಯಾಸ. ಹುಡುಗನ ಕೈಗಡಿಯಾರದಲ್ಲಿ 1:00 ಆಗುತ್ತದೆ, ಏನೂ ನಡೆಯುವುದಿಲ್ಲ. ತಪ್ಪು ದಿನಕ್ಕೆ ಬಂದೆವೆಂದು ಇಬ್ಬರೂ ಮೈಮರೆಯುತ್ತಾರೆ. 1:23ಕ್ಕೆ ಗದ್ದಲ ಏಳುತ್ತದೆ.

ಮೊಬೈಲ್: ಸಿಗ್ನಲ್ಲೂ ಇಲ್ಲ, ಉಪಗ್ರಹವೂ ಇಲ್ಲ, ಹಾಗಾಗಿ ಜಿಪಿಎಸ್ ಸತ್ತಂತೆ. ಕ್ಯಾಮೆರಾ, ಟಾರ್ಚ್, ದಿಕ್ಸೂಚಿ ನಡೆಯುತ್ತವೆ. ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಬೇಗ ಇಳಿಯುತ್ತದೆ; ಏರೋಪ್ಲೇನ್ ಮೋಡ್ ಹಾಕುವುದು ತಂಗಿಗೆ ಹೊಳೆಯಲಿ. ಮದ್ದು ತುಂಬಿದ ಕೋಣೆಗೆ ದೀವಟಿಗೆ ಒಯ್ಯುವಂತಿಲ್ಲ, ಬೆಂಕಿಯಿಲ್ಲದ ಬೆಳಕು ಇರುವುದು ಅವರ ಕೈಯಲ್ಲಿ ಮಾತ್ರ. ಬ್ಯಾಟರಿ ಶೇಕಡಾ 9ಕ್ಕೆ ಇಳಿದಾಗ ಒಳಕ್ಕೆ ಕಳಿಸಿ.

ಹೊಳೆ: ವೆಲ್ಲೆಸ್ಲಿ ಸೇತುವೆ ಕಟ್ಟಿದ್ದು 1804ರಲ್ಲಿ, ಅದರ ಮೇಲೆ ಯಾರನ್ನೂ ಓಡಿಸಬೇಡಿ. ಬೆಂಕಿಕಡ್ಡಿಯೂ ಆಗ ಹುಟ್ಟಿಲ್ಲ, ಚಕಮಕಿ ಕಲ್ಲೇ ಗತಿ. ಮಂಡ್ಯದ ಕಡೆ ಹೋದರೆ ಕಣ್ಣು ಹಾಯಿಸಿದಷ್ಟೂ ಕಬ್ಬು ಎಂದು ಬರೆಯಬೇಡಿ, ಕಟ್ಟೆಯ ನಾಲೆ ಬರುವ ಮುಂಚೆ ಅದು ಬಹುಪಾಲು ರಾಗಿಯ ಹೊಲ. ಭತ್ತ ಬೇಕಿದ್ದರೆ ಪಟ್ಟಣದ ಸುತ್ತಲಿನ ಹಳೆಯ ನಾಲೆಗಳ ಬದಿಗೆ ಕರೆದೊಯ್ಯಿರಿ.

ಗಂಜಾಂ ಓದುಗಿ:
23 ನಿಮಿಷದ ವಿಷಯಕ್ಕೆ ಒಂದು ಇಡೀ ಅಧ್ಯಾಯ ಕೊಡುತ್ತೇನೆ ಸರ್. ಎರಡನೇ ಪುಸ್ತಕ 1930ರ ಕನ್ನಂಬಾಡಿಯಲ್ಲಿ. ಅಲ್ಲಿ ಏನು ನೋಡಿಕೊಳ್ಳಬೇಕು?

ಲೋಕಪಾವನಿ:
ಕಟ್ಟೆಯ ಕೆಲಸ 1911ರಲ್ಲೇ ಶುರುವಾಗಿತ್ತು, 1930ರಲ್ಲಿ ಇನ್ನೂ ಮುಗಿದಿಲ್ಲ. ಸಿಮೆಂಟ್ ಮೂಟೆ ತೋರಿಸಬೇಡಿ, ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆಯಲ್ಲಿ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ, ಆದ್ದರಿಂದ ಊರು ಕೇಳಿದವರಿಗೆ ಹುಡುಗ "ಮಂಡ್ಯ ಜಿಲ್ಲೆ" ಎಂದರೆ ಸಿಕ್ಕಿಬೀಳುತ್ತಾನೆ. ಹಣ: ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು. ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲಿನಲ್ಲಿ. ಅಂಗಡಿಯವನ ಮುಂದೆ ತಂಗಿ ಚಿಲ್ಲರೆ ತಪ್ಪಾಗಿ ಎಣಿಸುವುದನ್ನು ಯಾರಾದರೂ ಒಬ್ಬ ಪತ್ತೇದಾರ ನೋಡುತ್ತಿರಲಿ. ವೇಣುಗೋಪಾಲಸ್ವಾಮಿ ದೇವಸ್ಥಾನವನ್ನೂ ಮರೆಯಬೇಡಿ: ನೀರಲ್ಲಿ ಮುಳುಗಿ, ಈಚೆಗೆ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದ ಗುಡಿ ಅದು. ನಿಮ್ಮ ಇಟ್ಟಿಗೆಯ ನಿಯಮ ಕಲ್ಲಿಗೂ ಅನ್ವಯಿಸಿದರೆ, ಅಲ್ಲಿಂದ ವಾಪಸು ಬರುವ ದಾರಿ ಸಿದ್ಧವಾಗಿಯೇ ಇದೆ.