ಪದ ಬೇಕು: ಆರರಿ, ಟೆಲ್ಯೂರಿಯನ್

ಪ್ರಶ್ನೆ: ಹದಿನೆಂಟನೆಯ ಶತಮಾನದ ಯುರೋಪಿನ ಖಗೋಳ ಉಪಕರಣಗಳ ಚಿತ್ರಪ್ರದರ್ಶನಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ, ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಹಿಡಿ ತಿರುವಿದರೆ ಗ್ರಹಗಳೆಲ್ಲ ಸೂರ್ಯನನ್ನು ಸುತ್ತುವ ಹಿತ್ತಾಳೆಯ ಆರರಿಗೆ ಒಂದು ಪದ, ಸೂರ್ಯ, ಭೂಮಿ, ಚಂದ್ರ ಮಾತ್ರ ಇರುವ ಟೆಲ್ಯೂರಿಯನ್‌ಗೆ ಇನ್ನೊಂದು ಪದ ಬೇಕಿತ್ತು. ‘ತಾರಾಲಯ’ ಆಗದು, ಅದು ಕಟ್ಟಡ.

ಉತ್ತರ 1: ಗೋಲಯಂತ್ರ. ನಮ್ಮ ಹಳೆಯ ಖಗೋಳದ ಸಿದ್ಧಾಂತ ಗ್ರಂಥಗಳಲ್ಲೇ ಇದೆ.

ಉತ್ತರ 2: ತಪ್ಪು. ಗೋಲಯಂತ್ರವೆಂದರೆ ವಿಷುವದ್ವೃತ್ತ (ಆಕಾಶದ ಸಮಭಾಜಕ), ಕ್ರಾಂತಿವೃತ್ತ (ಸೂರ್ಯನ ವಾರ್ಷಿಕ ದಾರಿ) ಇವುಗಳ ಬಳೆ ಜೋಡಿಸಿದ ಗೋಲ, ನಡುವೆ ಭೂಮಿ. ಆರರಿಯ ಜೀವ ಇರುವುದು ಹಲ್ಲುಗಾಲಿಯ ಲೆಕ್ಕದಲ್ಲಿ. ಡಚ್ ವಿಜ್ಞಾನಿ ಹೈಗೆನ್ಸ್ 1682ರ ತನ್ನ ಯಂತ್ರದಲ್ಲಿ ಶನಿಗೆ 206 ಹಲ್ಲಿನ ಗಾಲಿ, 7 ಹಲ್ಲಿನ ಪಿನಿಯನ್ (ಅದಕ್ಕೆ ಕೂಡುವ ಸಣ್ಣ ಗಾಲಿ) ಹಾಕಿದ, ಭಾಗಿಸಿದರೆ 29.43 ವರ್ಷ, ಶನಿಯ ನಿಜವಾದ ಸುತ್ತಿಗೆ ತೀರ ಹತ್ತಿರ. ‘ಗ್ರಹಗತಿ ಯಂತ್ರ’ ಎನ್ನಿ.

ಉತ್ತರ 3: ‘ಗ್ರಹಗತಿ ಸರಿಯಿಲ್ಲ’ ಎನ್ನುವ ನಾಡಿನಲ್ಲಿ ಆ ಪದ ನೇರ ಜಾತಕಕ್ಕೆ ಹೋಗುತ್ತದೆ. ‘ಗ್ರಹಯಂತ್ರ’ವಂತೂ ಪೂಜೆಯ ತಾಮ್ರದ ತಗಡು. ಸಂಸ್ಕೃತದ ಕಂತೆ ಬಿಡಿ. ಆರರಿ ‘ನೇಸರಸುತ್ತು’, ಟೆಲ್ಯೂರಿಯನ್ ‘ನೆಲಸುತ್ತು’.

ಉತ್ತರ 2: ಜಾತಕದ ಮಾತು ಒಪ್ಪಿದೆ. ‘ನೆಲಸುತ್ತು’ ಒಪ್ಪಲಾರೆ. ಟೆಲ್ಯೂರಿಯನ್ನಿನ ಕೆಲಸ ಋತುಗಳನ್ನು ತೋರಿಸುವುದು. ಅದಕ್ಕೆ ಭೂಮಿಯನ್ನು ಹೊತ್ತ ತೋಳು ಸೂರ್ಯನನ್ನು ಸುತ್ತಿದರೂ ಭೂಮಿಯ 23.5 ಡಿಗ್ರಿ ಓರೆ ಅಕ್ಷ ಒಂದೇ ದಿಕ್ಕಿಗೆ ನಿಲ್ಲಬೇಕು. ಸೂರ್ಯನ ಬುಡದಲ್ಲಿ ತಿರುಗದ ಗಾಲಿ, ಅಕ್ಷದ ಬುಡದಲ್ಲಿ ಅಷ್ಟೇ ಹಲ್ಲಿನ ಇನ್ನೊಂದು, ಎರಡರ ನಡುವೆ ಒಂದು ನಡುಗಾಲಿ. ನಡುಗಾಲಿಯ ಹಲ್ಲು ಎಷ್ಟಿದ್ದರೂ ನಡೆಯುತ್ತದೆ. ದುರಸ್ತಿಯಲ್ಲಿ ಅದನ್ನೇ ಬಿಟ್ಟು ಎರಡು ಗಾಲಿಗಳನ್ನು ನೇರ ಕೂಡಿಸಿದರೆ ಋತುಗಳ ಸರದಿ ತಿರುಗುಮುರುಗು: ಬೇಸಿಗೆಯಾದ ಮೇಲೆ ವಸಂತ! ಸುತ್ತುವುದಕ್ಕಿಂತ ಈ ಅಲುಗದ ಅಕ್ಷವೇ ಮುಖ್ಯ.

ಉತ್ತರ 4: ‘ಆರರಿ’ಯನ್ನೇ ಇಡಿ. ಲಂಡನ್ನಿನ ಗಡಿಯಾರ ತಯಾರಕ ಗ್ರಹಾಂನ ಮಾದರಿಯನ್ನು ಅನುಸರಿಸಿ ಉಪಕರಣ ತಯಾರಕ ರೌಲಿ ಇಂಥದೊಂದನ್ನು ನಾಲ್ಕನೆಯ ಆರರಿ ಅರ್ಲ್ ಚಾರ್ಲ್ಸ್ ಬಾಯ್ಲ್‌ಗೆ ಮಾಡಿಕೊಟ್ಟ, ಹೆಸರು ಅಲ್ಲಿಂದ ಬಂತು. ಆರರಿ ಐರ್ಲೆಂಡಿನ ಒಂದು ಸೀಮೆ. ಊರ ಹೆಸರಿಗೆ ಅನುವಾದವೇ? ಕುರ್ಚಿ, ಮೇಜು ಅರಗಿಸಿಕೊಂಡ ಭಾಷೆಗೆ ಇದು ಭಾರವಲ್ಲ.

ಉತ್ತರ 3: ಕುರ್ಚಿ ಜನರ ಬಾಯಿಂದ ಬಂತು, ಆರರಿ ಫಲಕದಿಂದ ಇಳಿಯುತ್ತಿದೆ. ಎರಡೂ ಒಂದಲ್ಲ. ಮಾಡಿದವನ ಹೆಸರೂ ಅಲ್ಲದ, ಮಾಡಿಸಿದ ಧಣಿಯ ಬಿರುದನ್ನು ನಾವೇಕೆ ಹೊರಬೇಕು?

ಉತ್ತರ 2: ಇನ್ನೊಂದು ತೊಡಕಿದೆ. ರೌಲಿಯ ಆ ಆರರಿಯಲ್ಲಿ ಇದ್ದುದು ಸೂರ್ಯ, ಭೂಮಿ, ಚಂದ್ರ ಮಾತ್ರ. ಪ್ರಶ್ನೆಯಲ್ಲಿರುವ ಭೇದದಂತೆ ಅದು ಟೆಲ್ಯೂರಿಯನ್ ಆಗುತ್ತದೆ! ಹೆಸರಿನ ಬೆನ್ನು ಬಿಟ್ಟು ಏನು ತಿರುಗುತ್ತದೋ ಅದನ್ನೇ ಬರೆಯಿರಿ: ‘ಗ್ರಹಚಲನೆಯ ಮಾದರಿ’, ‘ಭೂಮಿ–ಚಂದ್ರ ಚಲನೆಯ ಮಾದರಿ’. ಆರರಿ, ಟೆಲ್ಯೂರಿಯನ್ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿರಲಿ.

ಉತ್ತರ 3: ‘ಚಲನೆ’ ಯಾಕೆ? ‘ಸುತ್ತಾಟ’ ಇದೆಯಲ್ಲ.